ಗೆದ್ದ ಆಟ, ಕಳೆದುಕೊಂಡ ನುಡಿ: ಕಾರ್ಲೈಲ್ ಶಾಲೆಯ ಫುಟ್‌ಬಾಲ್ ತಂಡದ ಇತಿಹಾಸ

ಪೀಠಿಕೆ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಅಮೆರಿಕದ ಫುಟ್‌ಬಾಲ್ ಆಟಕ್ಕೆ ಏನು ಕೆಲಸವೆಂದು ಓದುಗರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಇಲ್ಲಿ ಪರಿಶೀಲಿಸಲಿರುವ ತಂಡದ ಇತಿಹಾಸವು ಆಟದ ಇತಿಹಾಸವಷ್ಟೇ ಅಲ್ಲ. ಮಕ್ಕಳನ್ನು ಅವರ ಮಾತೃಭಾಷೆಯಿಂದ ಬೇರ್ಪಡಿಸುವುದನ್ನೇ ಶಿಕ್ಷಣವೆಂದು ನಂಬಿದ್ದ ಶಾಲೆಯೊಂದರಲ್ಲಿ ಈ ತಂಡವು ಹುಟ್ಟಿತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಂತಹ ಪ್ರತಿಷ್ಠಿತ ವಿಶ್ವವಿದ್ಯಾಲಯಗಳಿಗೆ ಸರಿಸಮನಾಗಿ ಆಡಿತು. ಆಟದ ಸ್ವರೂಪವನ್ನೇ ಬದಲಿಸಿತು. ಇಪ್ಪತ್ತೈದು ವರ್ಷಗಳಲ್ಲಿ ಶಾಲೆಯೊಂದಿಗೇ ಮರೆಯಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಶಾಲೆಯ ತಂಡವೇ ಅದು. ಶಾಲೆಯು ತನ್ನ ತಂಡದ ಗೆಲುವನ್ನು ಯಾವುದಕ್ಕೆ ಪ್ರಮಾಣವೆಂದು ತೋರಿಸಿತು, ಆಡಿದವರು ಅದೇ ಗೆಲುವಿನಲ್ಲಿ ಏನನ್ನು ಕಂಡರು, ಇವೆರಡರ ನಡುವಿನ ಅಂತರವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಎರಡು ಸ್ಪಷ್ಟನೆಗಳು ಅಗತ್ಯ. ಮೊದಲನೆಯದಾಗಿ, 'ಇಂಡಿಯನ್' ಎಂಬ ಪದವು ಇಲ್ಲಿ ಅಮೆರಿಕ ಖಂಡದ ಮೂಲನಿವಾಸಿಗಳನ್ನು ಸೂಚಿಸುತ್ತದೆ. ತಾನು ತಲುಪಿದ ನೆಲ ಇಂಡೀಸ್ ಎಂದು ಕೊಲಂಬಸನು ಭ್ರಮಿಸಿದುದರಿಂದ ಅಂಟಿಕೊಂಡ ಹೆಸರದು. ಎರಡನೆಯದಾಗಿ, ಕಾರ್ಲೈಲ್ ಕಟ್ಟುನಿಟ್ಟಿನ ಅರ್ಥದಲ್ಲಿ ಕಾಲೇಜಾಗಿರಲಿಲ್ಲ. ಅಕ್ಷರಾಭ್ಯಾಸದ ಜೊತೆಗೆ ಬಡಗಿತನ, ಕಮ್ಮಾರಿಕೆ, ಹೊಲಿಗೆ, ಬೇಸಾಯಗಳನ್ನು ಕಲಿಸುತ್ತಿದ್ದ ಸರ್ಕಾರಿ ವಸತಿಶಾಲೆಯಾಗಿತ್ತು. ಆದರೂ ಅದರ ತಂಡವು ಕಾಲೇಜುಗಳ ನಡುವೆಯೇ ಆಡಿದುದರಿಂದ ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿಯೇ ಅದಕ್ಕೆ ಸ್ಥಾನವಿದೆ.

1. ಶಾಲೆಯ ಉದ್ದೇಶ

ಶಾಲೆಯ ಸ್ಥಾಪಕ ರಿಚರ್ಡ್ ಹೆನ್ರಿ ಪ್ರಾಟ್ ಅಮೆರಿಕದ ಸೈನ್ಯಾಧಿಕಾರಿ. 1875ರಲ್ಲಿ ಪಶ್ಚಿಮದ ಬಯಲುಸೀಮೆಯಲ್ಲಿ ಸೆರೆಸಿಕ್ಕ ಮೂಲನಿವಾಸಿ ಯೋಧರನ್ನು ಫ್ಲಾರಿಡಾದ ಕೋಟೆಯೊಂದರಲ್ಲಿ ಕಾಯುವ ಹೊಣೆ ಅವರ ಮೇಲೆ ಬಿತ್ತು. ಆ ಸೆರೆಯಾಳುಗಳಿಗೆ ಅವರು ಇಂಗ್ಲಿಷ್ ಕಲಿಸಿದರು, ಸಮವಸ್ತ್ರ ತೊಡಿಸಿದರು, ಕವಾಯತು ಮಾಡಿಸಿದರು. ಅಲ್ಲಿ ಕಂಡ ಫಲದಿಂದ ಉತ್ಸಾಹಗೊಂಡು, ಮಕ್ಕಳ ಮೇಲೂ ಇದೇ ಪ್ರಯೋಗ ನಡೆಯಬೇಕೆಂದು ಸರ್ಕಾರವನ್ನು ಒಪ್ಪಿಸಿದರು. 1879ರಲ್ಲಿ ಕಾರ್ಲೈಲ್ ಊರಿನ ಹಳೆಯ ಸೈನ್ಯದ ಪಾಳೆಯದಲ್ಲಿ ಶಾಲೆ ಆರಂಭವಾಯಿತು.

ಪ್ರಾಟರ ನಿಲುವು ಸರಳವೂ ಕಠೋರವೂ ಆಗಿತ್ತು. ಮೂಲನಿವಾಸಿಗಳು ಹುಟ್ಟಿನಿಂದ ಕೀಳಲ್ಲ, ಬಿಳಿಯರಿಗೆ ಸಮಾನವಾದ ಸಾಮರ್ಥ್ಯ ಅವರಲ್ಲಿದೆ ಎಂದು ಅವರು ನಂಬಿದ್ದರು. ಅಂದಿನ ಅಮೆರಿಕದಲ್ಲಿ ಇದು ಉದಾರ ಅಭಿಪ್ರಾಯವೇ ಸರಿ. ಆದರೆ ಆ ಸಾಮರ್ಥ್ಯ ಹೊರಬರಬೇಕಾದರೆ ಅವರೊಳಗಿನ ಮೂಲನಿವಾಸಿತನ ಪೂರ್ತಿಯಾಗಿ ಅಳಿಯಬೇಕೆಂಬುದೂ ಅವರ ಅಷ್ಟೇ ದೃಢವಾದ ನಂಬಿಕೆ. ಮನುಷ್ಯನನ್ನು ಉಳಿಸಲು ಅವನೊಳಗಿನ ಇಂಡಿಯನ್ನನನ್ನು ಕೊಲ್ಲಬೇಕೆಂಬ ಅರ್ಥದ ಮಾತನ್ನು 1892ರ ಭಾಷಣವೊಂದರಲ್ಲಿ ಅವರು ಬಹಿರಂಗವಾಗಿ ಆಡಿದರು.

ಆ ಕೊಲೆಯ ಮೊದಲ ಸಾಧನ ಭಾಷೆ. ಶಾಲೆಗೆ ಬಂದ ಮಕ್ಕಳ ಕೂದಲನ್ನು ಕತ್ತರಿಸಲಾಯಿತು, ಉಡುಪನ್ನು ಕಳಚಲಾಯಿತು, ಹೆಸರನ್ನು ಬದಲಿಸಲಾಯಿತು. ಅವರ ನುಡಿಗಳನ್ನು ನಿಷೇಧಿಸಲಾಯಿತು. ಮೊದಲ ತಂಡದಲ್ಲಿ ಬಂದಿದ್ದ ಲಕೋಟ ಬಾಲಕ ಲೂಥರ್ ಸ್ಟ್ಯಾಂಡಿಂಗ್ ಬೇರ್ ಮುಂದೆ ಲೇಖಕನಾಗಿ ತನ್ನ ಆತ್ಮಕಥನದಲ್ಲಿ ಈ ಅನುಭವವನ್ನು ದಾಖಲಿಸಿದ್ದಾನೆ. ಕರಿಹಲಗೆಯ ಮೇಲೆ ಬರೆದಿದ್ದ ಗೆರೆಗಳು ಹೆಸರುಗಳೆಂಬುದೂ ಅವನಿಗೆ ತಿಳಿದಿರಲಿಲ್ಲ. ಕೈಗೆ ಕೊಟ್ಟ ಕೋಲಿನಿಂದ ಅವುಗಳಲ್ಲೊಂದನ್ನು ತೋರಿಸಿದನು. ಅಂದಿನಿಂದ ಅವನು 'ಲೂಥರ್' ಆದನು.

ಬಂದ ದಿನದ ಮಕ್ಕಳ ಚಿತ್ರವನ್ನೂ ಕೆಲಕಾಲದ ಬಳಿಕ ಅದೇ ಮಕ್ಕಳು ಸಮವಸ್ತ್ರದಲ್ಲಿರುವ ಚಿತ್ರವನ್ನೂ ತೆಗೆಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಶಾಲೆಯು ಪ್ರಚಾರ ಮಾಡುತ್ತಿತ್ತು. ಈ ಜೋಡಿಚಿತ್ರಗಳನ್ನು ನೆನಪಿನಲ್ಲಿಡಬೇಕು. ಫುಟ್‌ಬಾಲ್ ತಂಡವು ಪ್ರಾಟರ ದೃಷ್ಟಿಯಲ್ಲಿ ಅವುಗಳಲ್ಲಿನ ಎರಡನೆಯ ಚಿತ್ರದ ಸಜೀವ ರೂಪವೇ ಆಗಿತ್ತು.

2. ಅಂದಿನ ಆಟದ ಸ್ವರೂಪ

ನಾವು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ಅಮೆರಿಕನ್ ಫುಟ್‌ಬಾಲಿಗೂ ಸಾಮ್ಯ ಕಡಿಮೆ. ಅಲ್ಲಿ ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡಬೇಕು. ಎದುರಾಳಿಗಳು ಓಟಗಾರನನ್ನು ಹಿಡಿದು ಕೆಡವಬೇಕು. ಎರಡೂ ಪಕ್ಷಗಳಲ್ಲಿ ಹನ್ನೊಂದು ಹನ್ನೊಂದು ಮಂದಿ. ಚೆಂಡು ಹೊಂದಿದ ಪಕ್ಷಕ್ಕೆ ನಿಗದಿತ ಸಂಖ್ಯೆಯ ಯತ್ನಗಳಿರುತ್ತವೆ. ಅಷ್ಟರೊಳಗೆ ನಿಗದಿತ ದೂರ ಮುಂದುವರಿಯದಿದ್ದರೆ ಚೆಂಡು ಎದುರಾಳಿಗೆ ಸೇರುತ್ತದೆ. ಅಂಕಣದ ಕೊನೆಯ ಗೆರೆಯಾಚೆಗೆ ಚೆಂಡನ್ನು ಒಯ್ದರೆ ಅದು 'ಟಚ್‌ಡೌನ್'.

1869ರಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಕಾಲೇಜು ಫುಟ್‌ಬಾಲಿನ ಆರಂಭವೆಂದು ಗಣಿಸುವುದು ರೂಢಿ. 1890ರ ದಶಕದ ವೇಳೆಗೆ ಅದು ಪೂರ್ವ ಕರಾವಳಿಯ ಸಿರಿವಂತ ಮನೆತನಗಳ ಯುವಕರ ಪೌರುಷದ ಪರೀಕ್ಷೆಯಾಗಿ ಬೆಳೆದಿತ್ತು. ಚೆಂಡನ್ನು ಮುಂದಕ್ಕೆ ಎಸೆಯಲು ಆಗ ಅನುಮತಿ ಇರಲಿಲ್ಲ. ಹಾಗಾಗಿ ಆಟಗಾರರು ಒಬ್ಬರಿಗೊಬ್ಬರು ಒತ್ತಿಕೊಂಡು ಗುಂಪಾಗಿ ನುಗ್ಗುವುದೇ ಮುಖ್ಯ ತಂತ್ರ. ದೇಹದ ತೂಕವೇ ನಿರ್ಣಾಯಕವಾಗಿದ್ದ ಈ ಆಟದಲ್ಲಿ ಎಲುಬು ಮುರಿಯುವುದು ಸಾಮಾನ್ಯವಾಗಿತ್ತು, ಸಾವೂ ಅಪರೂಪವಾಗಿರಲಿಲ್ಲ.

3. ತಂಡದ ಆರಂಭ

ಕಾರ್ಲೈಲಿನ ವಿದ್ಯಾರ್ಥಿಗಳು ನೆರೆಯ ಡಿಕಿನ್ಸನ್ ಕಾಲೇಜಿನೊಡನೆ ಆಡಿದ ಪಂದ್ಯವೊಂದರಲ್ಲಿ ಆಟಗಾರನೊಬ್ಬನ ಕಾಲು ಮುರಿಯಿತು. ಅದರಿಂದ ನೊಂದ ಪ್ರಾಟ್ ಹೊರಗಿನವರೊಡನೆ ಆಡುವುದನ್ನೇ ನಿಷೇಧಿಸಿದರು. 1893ರಲ್ಲಿ ಸುಮಾರು ನಲವತ್ತು ಮಂದಿ ವಿದ್ಯಾರ್ಥಿಗಳು ಅವರ ಕಚೇರಿಗೆ ಬಂದು ನಿಷೇಧವನ್ನು ತೆಗೆಯಬೇಕೆಂದು ವಾದಿಸಿದರು. ಆ ಹುಡುಗರ ವಾಗ್ಮಿತೆಗೆ ತಾವು ಸೋತುದನ್ನು ಪ್ರಾಟ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಅವರು ಒಪ್ಪಿದುದು ಎರಡು ಷರತ್ತುಗಳ ಮೇಲೆ. ಎದುರಾಳಿಗಳು ಏನೇ ಮಾಡಲಿ, ಎಂದೂ ಗುದ್ದಬಾರದು. ಗುದ್ದಿದರೆ ಇಂಡಿಯನ್ನರು ಅನಾಗರಿಕರೆಂದು ನೋಡುವವರು ಹೇಳುತ್ತಾರೆ. ಇದು ಮೊದಲನೆಯದು. ಎರಡರಿಂದ ನಾಲ್ಕು ವರ್ಷಗಳೊಳಗೆ ದೇಶದ ಅತಿ ದೊಡ್ಡ ತಂಡವನ್ನು ಸೋಲಿಸುವಷ್ಟು ಬೆಳೆಯಬೇಕು. ಇದು ಎರಡನೆಯದು.

ಈ ಷರತ್ತುಗಳಲ್ಲಿಯೇ ತಂಡದ ಮುಂದಿನ ಕಥೆಯೆಲ್ಲ ಅಡಗಿದೆ. ಯೇಲ್‌ನ ಆಟಗಾರ ಗುದ್ದಿದರೆ ಅದು ಅವನೊಬ್ಬನ ಸಿಟ್ಟು. ಕಾರ್ಲೈಲಿನ ಹುಡುಗ ಗುದ್ದಿದರೆ ಅದು ಅವನ ಇಡೀ ಜನಾಂಗದ ಸ್ವಭಾವ. ಅಂಕಣಕ್ಕಿಳಿದ ಪ್ರತಿಯೊಬ್ಬ ಹುಡುಗನೂ ತನ್ನ ಜನರೆಲ್ಲರ ಪರವಾಗಿ ಪರೀಕ್ಷೆಗೆ ನಿಲ್ಲಬೇಕಾಯಿತು.

ಕಾಲದ ಹಿನ್ನೆಲೆಯನ್ನೂ ಗಮನಿಸಬೇಕು. ದಕ್ಷಿಣ ಡಕೋಟದ ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯವು ಲಕೋಟ ಜನರ ಹತ್ಯಾಕಾಂಡ ನಡೆಸಿದುದು 1890ರ ಡಿಸೆಂಬರಿನಲ್ಲಿ. ಅದಾಗಿ ಮೂರೇ ವರ್ಷಗಳ ಬಳಿಕ ಈ ಹುಡುಗರು ಚೆಂಡನ್ನು ಕೈಗೆತ್ತಿಕೊಂಡರು.

4. 1896: ನಾಲ್ಕು ಸೋಲುಗಳು

ಆ ಕಾಲದಲ್ಲಿ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳನ್ನು 'ನಾಲ್ಕು ದೊಡ್ಡವರು' ಎಂದು ಕರೆಯುತ್ತಿದ್ದರು. 1896ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕಾರ್ಲೈಲ್ ತಂಡವು ನಾಲ್ಕು ವಾರಗಳೊಳಗೆ ಈ ನಾಲ್ವರನ್ನೂ ಎದುರಿಸಿ ನಾಲ್ಕರಲ್ಲಿಯೂ ಸೋತಿತು. ಆದರೆ ಯೇಲ್ ವಿರುದ್ಧ ಅಂತರ 12-6. ಹಾರ್ವರ್ಡ್ ವಿರುದ್ಧ 4-0. ತಂಡ ಕಟ್ಟಿ ಮೂರು ವರ್ಷವಷ್ಟೇ ಕಳೆದಿದ್ದ ಶಾಲೆಗೆ ಇದು ಸಾಮಾನ್ಯ ಸಾಧನೆಯಲ್ಲ.

ನ್ಯೂಯಾರ್ಕಿನಲ್ಲಿ ನಡೆದ ಯೇಲ್ ಪಂದ್ಯದ ಕೊನೆಯ ಭಾಗ ಇಂದಿಗೂ ಚರ್ಚಿತವಾಗುತ್ತದೆ. ಕಾರ್ಲೈಲಿನ ಆಟಗಾರನು ತನ್ನನ್ನು ಹಿಡಿದವರಿಂದ ಬಿಡಿಸಿಕೊಂಡು ಓಡಿ ಕೊನೆಯ ಗೆರೆಯನ್ನು ದಾಟಿದನು. ಆದರೆ ಅವನು ಬಿಡಿಸಿಕೊಳ್ಳುವ ಮೊದಲೇ ತಾನು ಸೀಟಿ ಊದಿದ್ದಾಗಿ ಹೇಳಿ ತೀರ್ಪುಗಾರನು ಆ ಟಚ್‌ಡೌನನ್ನು ರದ್ದುಪಡಿಸಿದನು. ವಿಚಿತ್ರವೆಂದರೆ ಆ ತೀರ್ಪುಗಾರ ವಿಲಿಯಂ ಹಿಕಾಕ್ ಹಿಂದೆ ಯೇಲ್‌ನ ಆಟಗಾರ, ಆ ವರ್ಷ ಕಾರ್ಲೈಲಿನ ತರಬೇತುದಾರ! ಪ್ರೇಕ್ಷಕರು ತೀರ್ಪನ್ನು ಕೂಗಿ ಪ್ರತಿಭಟಿಸಿದರು. ಆಟಗಾರರು ಅಂಕಣವನ್ನೇ ಬಿಟ್ಟು ಹೊರಡಲು ಸಿದ್ಧರಾದರು. ಪ್ರಾಟ್ ಅವರನ್ನು ತಡೆದು ಆಟ ಮುಂದುವರಿಸುವಂತೆ ಮಾಡಿದರು.

ಈ ಪ್ರಸಂಗಕ್ಕೆ ಎರಡು ಮುಖಗಳಿವೆ. ಬಿಳಿಯ ಪ್ರೇಕ್ಷಕರು ಮೂಲನಿವಾಸಿಗಳಿಗೆ ಅನ್ಯಾಯವಾಯಿತೆಂದು ಬಹಿರಂಗವಾಗಿ ಕೂಗಿದುದು ಒಂದು. ಸಹನೆಯ ಹೊರೆ ಮಾತ್ರ ಅನ್ಯಾಯಕ್ಕೊಳಗಾದವರ ಮೇಲೆಯೇ ಬಿದ್ದುದು ಇನ್ನೊಂದು. ಅದೇ ವರ್ಷದ ಡಿಸೆಂಬರಿನಲ್ಲಿ ಷಿಕಾಗೋದ ಬೃಹತ್ ಸಭಾಂಗಣದೊಳಗೆ, ರಾತ್ರಿ ವಿದ್ಯುದ್ದೀಪಗಳ ಬೆಳಕಿನಲ್ಲಿ ನಡೆದ ಪಂದ್ಯದಲ್ಲಿ ಕಾರ್ಲೈಲ್ ತಂಡವು ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು 18-8ರಿಂದ ಸೋಲಿಸಿತು.

5. ವಾರ್ನರ್ ಮತ್ತು ಚಾತುರ್ಯದ ಆಟ

1899ರಲ್ಲಿ 'ಪಾಪ್' ಎಂದು ಪ್ರಸಿದ್ಧರಾದ ಗ್ಲೆನ್ ವಾರ್ನರ್ ತರಬೇತುದಾರರಾಗಿ ಬಂದರು. ಅದೇ ವರ್ಷ ತಂಡವು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವನ್ನು 16-5ರಿಂದ ಮಣಿಸಿ 'ನಾಲ್ಕು ದೊಡ್ಡವರ' ವಿರುದ್ಧ ಮೊದಲ ಜಯ ಪಡೆಯಿತು. ಕೊಲಂಬಿಯಾವನ್ನು 45-0ರಿಂದ ಸೋಲಿಸಿತು. ಖಂಡದ ಇನ್ನೊಂದು ತುದಿಗೆ ಪ್ರಯಾಣಿಸಿ ಕ್ರಿಸ್ಮಸ್ ದಿನ ಕ್ಯಾಲಿಫೋರ್ನಿಯಾ ತಂಡವನ್ನು 2-0ರಿಂದ ಗೆದ್ದಿತು. ಐಸಾಕ್ ಸೆನೆಕಾ ಆ ವರ್ಷದ ಅಖಿಲ ಅಮೆರಿಕ ತಂಡದಲ್ಲಿ ಸ್ಥಾನ ಪಡೆದರು. ಮೂಲನಿವಾಸಿ ಆಟಗಾರನಿಗೆ ಆ ಗೌರವ ದೊರೆತುದು ಅದೇ ಮೊದಲು.

ಕಾರ್ಲೈಲಿನ ಆಟಗಾರರು ಎದುರಾಳಿಗಳಿಗಿಂತ ಸಾಮಾನ್ಯವಾಗಿ ಹಗುರ, ತಂಡವೂ ಚಿಕ್ಕದು. ತೂಕದಿಂದ ಗೆಲ್ಲಲಾಗದವರು ವೇಗದಿಂದ, ಉಪಾಯದಿಂದ ಗೆಲ್ಲಬೇಕಾಯಿತು. 1903ರ ಹಾರ್ವರ್ಡ್ ಪಂದ್ಯದಲ್ಲಿ ಇದರ ಅತಿ ಪ್ರಸಿದ್ಧ ಉದಾಹರಣೆ ಸಿಗುತ್ತದೆ. ಚಾರ್ಲಿ ಡಿಲನ್ ಎಂಬ ಆಟಗಾರನ ಅಂಗಿಯ ಅಂಚಿಗೆ ದರ್ಜಿಯಿಂದ ಇಲಾಸ್ಟಿಕ್ ಹೊಲಿಸಲಾಗಿತ್ತು. ದ್ವಿತೀಯಾರ್ಧದ ಆರಂಭದಲ್ಲಿ ಹಾರ್ವರ್ಡ್ ಒದ್ದ ಚೆಂಡನ್ನು ಜಿಮ್ಮಿ ಜಾನ್ಸನ್ ಹಿಡಿದರು. ಸಂಗಡಿಗರು ಅವರನ್ನು ಸುತ್ತುವರಿದರು. ಚೆಂಡು ಡಿಲನ್‌ನ ಬೆನ್ನಿನ ಮೇಲೆ, ಅಂಗಿಯೊಳಗೆ ಸೇರಿತು. ಗುಂಪು ಚದುರಿ ಎಲ್ಲರೂ ಓಡತೊಡಗಿದರು. ಹಾರ್ವರ್ಡಿನವರು ಚೆಂಡಿಗಾಗಿ ಹುಡುಕುತ್ತಿರುವಾಗ ಡಿಲನ್ ಎರಡೂ ಕೈಗಳನ್ನು ಬೀಸುತ್ತ ಅಂಕಣದ ಉದ್ದಕ್ಕೂ ಓಡಿ ಗೆರೆಯನ್ನು ದಾಟಿದನು. ಅಂತಹ ಆಟವನ್ನು ನಿಷೇಧಿಸುವ ನಿಯಮ ಆಗ ಇರಲಿಲ್ಲ. ಕಾರ್ಲೈಲ್ 11-0ರಿಂದ ಮುಂದಿತ್ತು. ಕೊನೆಗೆ 12-11ರಿಂದ ಸೋತಿತಾದರೂ, ಜನ ನೆನಪಿಟ್ಟುಕೊಂಡುದು ಸೋತವರ ಆಟವನ್ನೇ.

ಪತ್ರಿಕೆಗಳು ಇಂತಹ ಆಟವನ್ನು ಮೆಚ್ಚುತ್ತಲೇ ಅದನ್ನು ಕಾಡಿನವರ ಸಹಜ ಕುಟಿಲತೆ ಎಂಬಂತೆ ಚಿತ್ರಿಸಿದವು. ಪಂದ್ಯದ ವರದಿಗಳಲ್ಲಿ ಯುದ್ಧ, ನೆತ್ತಿಯ ಚರ್ಮ, ಕೊಡಲಿಗಳ ಉಪಮೆಗಳು ತುಂಬಿರುತ್ತಿದ್ದವು. ಬಿಳಿಯರು ಯೋಚಿಸಿ ಆಡಿದರೆ ಅದು ಬುದ್ಧಿ, ಇವರು ಯೋಚಿಸಿ ಆಡಿದರೆ ಅದು ತಂತ್ರ ಎಂಬ ಭೇದವನ್ನು ಆ ಬರಹಗಳ ಭಾಷೆಯಲ್ಲಿಯೇ ಗುರುತಿಸಬಹುದು.

6. ಹೊಸ ನಿಯಮಗಳು, ಹೊಸ ಆಟ

1905ರ ಋತುವಿನಲ್ಲಿ ಆಟದ ಕ್ರೌರ್ಯವು ರಾಷ್ಟ್ರೀಯ ಪ್ರಶ್ನೆಯಾಯಿತು. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತುಕತೆ ನಡೆಸಿದರು. 1906ರಲ್ಲಿ ನಿಯಮಗಳು ಬದಲಾದವು. ಮೂರು ಯತ್ನಗಳಲ್ಲಿ ಐದು ಗಜಗಳ ಬದಲು ಹತ್ತು ಗಜ ಮುಂದುವರಿಯಬೇಕಾಯಿತು. ಚೆಂಡನ್ನು ಮುಂದಕ್ಕೆ ಎಸೆಯುವ 'ಫಾರ್ವರ್ಡ್ ಪಾಸ್'ಗೆ ಅನುಮತಿ ದೊರೆಯಿತು.

ಈ ಎಸೆತವನ್ನು ಮೊದಲು ಬಳಸಿದುದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡ. ಆದರೆ ಎಸೆತ ಗುರಿ ತಪ್ಪಿದರೆ ದಂಡ ಕಠಿಣವಾಗಿದ್ದುದರಿಂದ ಪೂರ್ವದ ದೊಡ್ಡ ತಂಡಗಳು ಹಳೆಯ ನುಗ್ಗಾಟಕ್ಕೇ ಅಂಟಿಕೊಂಡವು. ಹಗುರವಾದ ಕಾರ್ಲೈಲ್ ತಂಡಕ್ಕೆ ಅದೇ ವರದಾನವಾಯಿತು. 1904ರಲ್ಲಿ ಶಾಲೆಯನ್ನು ಬಿಟ್ಟಿದ್ದ ವಾರ್ನರ್ 1907ರಲ್ಲಿ ಮರಳಿದರು. ಶಯೆನ್ ಬುಡಕಟ್ಟಿನ ಪೀಟ್ ಹೌಸರ್, ಟಸ್ಕರೋರಾ ಬುಡಕಟ್ಟಿನ ಫ್ರಾಂಕ್ ಮೌಂಟ್ ಪ್ಲೆಸೆಂಟ್ ಚೆಂಡನ್ನು ತಿರುಗಣಿಯಂತೆ ಸುತ್ತಿಸಿ ದೂರಕ್ಕೆ ಎಸೆಯುವುದರಲ್ಲಿ ನಿಷ್ಣಾತರಾದರು.

1907ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾ ತಂಡವು 26-6ರಿಂದ ಸೋತಿತು. ನವೆಂಬರಿನಲ್ಲಿ ಹಾರ್ವರ್ಡ್ 23-15ರಿಂದ ಸೋತಿತು. ಆ ವಿಶ್ವವಿದ್ಯಾಲಯದ ವಿರುದ್ಧ ಕಾರ್ಲೈಲಿಗೆ ದೊರೆತ ಮೊದಲ ಗೆಲುವದು. ಬಳಿಕ ಷಿಕಾಗೋ ವಿಶ್ವವಿದ್ಯಾಲಯವು 18-4ರಿಂದ ಸೋತಿತು. ಷಿಕಾಗೋದವರು ಆಲ್ಬರ್ಟ್ ಎಕ್ಸೆಂಡೈನ್ ಎಂಬ ಆಟಗಾರನನ್ನು ಬಿಡದೆ ಕಟ್ಟಿಹಾಕುತ್ತಿದ್ದಾಗ ಅವರು ಅಂಕಣದ ಹೊರಕ್ಕೆ ಜಿಗಿದು, ಎದುರಾಳಿಗಳ ಬೆಂಚಿನ ಹಿಂದಿನಿಂದ ಸುತ್ತಿ ಬಂದು, ಮತ್ತೆ ಒಳಹೊಕ್ಕು ಹೌಸರ್ ಎಸೆದ ಚೆಂಡನ್ನು ಹಿಡಿದರು. ಆ ಋತುವಿನಲ್ಲಿ ತಂಡಕ್ಕೆ ಹತ್ತು ಗೆಲುವು. ಪ್ರಿನ್ಸ್‌ಟನ್ ಎದುರು ಒಂದೇ ಸೋಲು. ಇಂದಿನ ಅಮೆರಿಕನ್ ಫುಟ್‌ಬಾಲ್ ಎಸೆತವಿಲ್ಲದೆ ಊಹಿಸಲಾಗದ ಆಟ. ಎಸೆತವನ್ನು ಅಪರೂಪದ ಸಾಹಸವಾಗಿ ಉಳಿಸದೆ ಆಟದ ನಿತ್ಯದ ನಡೆಯಾಗಿಸಿದವರಲ್ಲಿ ಈ ಹುಡುಗರು ಪ್ರಮುಖರು.

7. ಜಿಮ್ ಥೋರ್ಪ್ ಮತ್ತು 1912

ತಂಡದ ಅತಿ ಪ್ರಸಿದ್ಧ ಆಟಗಾರ ಜಿಮ್ ಥೋರ್ಪ್ ಓಕ್ಲಹೋಮದ ಸಾಕ್ ಮತ್ತು ಫಾಕ್ಸ್ ಬುಡಕಟ್ಟಿನವರು. 'ಬೆಳಗಿದ ದಾರಿ' ಎಂಬರ್ಥದ ಹೆಸರು ಅವರಿಗೆ ತಮ್ಮ ನುಡಿಯಲ್ಲಿತ್ತು. 1911ರಲ್ಲಿ ಹಾರ್ವರ್ಡ್ ತಂಡವನ್ನು ಕಾರ್ಲೈಲ್ 18-15ರಿಂದ ಸೋಲಿಸಿದಾಗ ಥೋರ್ಪ್ ನಾಲ್ಕು ಫೀಲ್ಡ್ ಗೋಲುಗಳನ್ನು ಒದ್ದು ಹನ್ನೆರಡು ಅಂಕಗಳನ್ನು ತಂದುಕೊಟ್ಟರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲಿಯೂ ಚಿನ್ನದ ಪದಕ ಗಳಿಸಿದರು. ಕಾರ್ಲೈಲಿನ ಇನ್ನೊಬ್ಬ ವಿದ್ಯಾರ್ಥಿ, ಹೋಪಿ ಬುಡಕಟ್ಟಿನ ಲೂಯಿಸ್ ಟೆವಾನಿಮಾ ಅದೇ ಕೂಟದ ಹತ್ತು ಸಾವಿರ ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು.

ಆ ವರ್ಷದ ನವೆಂಬರ್ 9ರಂದು ಕಾರ್ಲೈಲ್ ತಂಡವು ವೆಸ್ಟ್ ಪಾಯಿಂಟಿನಲ್ಲಿ ಅಮೆರಿಕದ ಸೈನ್ಯಾಧಿಕಾರಿಗಳ ತರಬೇತಿ ಅಕಾಡೆಮಿಯನ್ನು ಎದುರಿಸಿತು. ಆ ತಂಡದಲ್ಲಿ ಮುಂದೆ ದೇಶದ ಅಧ್ಯಕ್ಷರಾಗಲಿದ್ದ ಡ್ವೈಟ್ ಐಸೆನ್‌ಹೋವರ್ ಇದ್ದರು. ತಮ್ಮ ತಂದೆ, ತಾತಂದಿರ ನೆಲವನ್ನು ಗೆದ್ದ ಸೈನ್ಯದ ಭಾವೀ ಅಧಿಕಾರಿಗಳೊಡನೆ ಈ ಹುಡುಗರು ಮುಖಾಮುಖಿ ನಿಂತ ಪಂದ್ಯವದು. ಓಜಿಬ್ವೆ ಬುಡಕಟ್ಟಿನ ಗಸ್ ವೆಲ್ಚ್ ಆಟವನ್ನು ನಡೆಸಿದರು. ಹಿಂದಿನ ಸಾಲಿನ ಇಬ್ಬರನ್ನು ಮುಂಚೂಣಿಯ ಎರಡು ತುದಿಗಳ ಬಳಿ ನಿಲ್ಲಿಸುವ ಹೊಸ ವ್ಯೂಹದಿಂದಾಗಿ ಚೆಂಡು ಯಾವ ದಿಕ್ಕಿಗೆ ಹೊರಡುವುದೆಂದು ಎದುರಾಳಿಗಳಿಗೆ ತಿಳಿಯುತ್ತಿರಲಿಲ್ಲ. ಮೊದಲು ಅಂಕ ಗಳಿಸಿದುದು ಸೈನ್ಯವೇ; ಕೊನೆಗೆ ಗೆದ್ದುದು ಕಾರ್ಲೈಲ್, 27-6ರಿಂದ. ಆ ಋತುವಿನಲ್ಲಿ ತಂಡಕ್ಕೆ ಹನ್ನೆರಡು ಗೆಲುವು, ಒಂದು ಸೋಲು, ಒಂದು ಸಮ.

ಆದರೆ ಮರುವರ್ಷವೇ ಥೋರ್ಪ್ ತಮ್ಮ ಒಲಿಂಪಿಕ್ ಪದಕಗಳನ್ನು ಕಳೆದುಕೊಂಡರು. ಹಿಂದೆ ಬೇಸಗೆಯಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬುದೇ ಅಪರಾಧವಾಯಿತು. ಕಾಲೇಜು ಹುಡುಗರು ಅನೇಕರು ಸುಳ್ಳು ಹೆಸರಿನಲ್ಲಿ ಹಾಗೆ ಆಡುತ್ತಿದ್ದ ಕಾಲವದು. ಥೋರ್ಪ್ ತಮ್ಮ ನಿಜವಾದ ಹೆಸರಿನಲ್ಲಿ ಆಡಿದ್ದರು. 1982ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅವರನ್ನು ಇತರರೊಂದಿಗೆ ಜಂಟಿ ವಿಜೇತರೆಂದು ಮನ್ನಿಸಿತು. ಏಕೈಕ ವಿಜೇತರೆಂದು ಒಪ್ಪಿಕೊಂಡುದು 2022ರಲ್ಲಿ. ಅವರು ತೀರಿಕೊಂಡು ಆಗಲೇ 69 ವರ್ಷಗಳು ಸಂದಿದ್ದವು.

8. 1914ರ ಮನವಿ

ಕಾರ್ಲೈಲ್ ತಂಡವು ಬಹುಪಾಲು ಪಂದ್ಯಗಳನ್ನು ಪರಸ್ಥಳಗಳಲ್ಲಿಯೇ ಆಡುತ್ತಿತ್ತು. ದೊಡ್ಡ ನಗರಗಳ ಅಂಕಣಗಳಿಗೆ ಹರಿದು ಬರುತ್ತಿದ್ದ ಜನರ ಪ್ರವೇಶಧನದಲ್ಲಿ ಶಾಲೆಗೆ ಪಾಲು ಸಿಗುತ್ತಿತ್ತು. ಆ ಹಣದಿಂದ ಶಾಲೆಯಲ್ಲಿ ಹಲವು ಸೌಲಭ್ಯಗಳಾದುದು ನಿಜ. ಆದರೆ ಆ ನಿಧಿ ಸರ್ಕಾರದ ಲೆಕ್ಕಕ್ಕೆ ಸೇರದೆ ಪ್ರತ್ಯೇಕವಾಗಿಯೇ ಬೆಳೆಯಿತು. ಆಟವು ಶಾಲೆಯ ಜಾಹೀರಾತಾದಂತೆ ಶಾಲೆಯು ಆಟಕ್ಕಾಗಿಯೇ ಇದೆಯೇನೋ ಎಂಬ ಸ್ಥಿತಿ ಉಂಟಾಯಿತು.

1914ರಲ್ಲಿ ವಿದ್ಯಾರ್ಥಿಗಳೇ ಎದ್ದುನಿಂತರು. ಗಸ್ ವೆಲ್ಚ್ ಮುಂದಾಳ್ತನದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸಹಿ ಮಾಡಿದ ಮನವಿ ಸರ್ಕಾರಕ್ಕೆ ಹೋಯಿತು. ಅಮೆರಿಕದ ಸಂಸತ್ತಿನ ಜಂಟಿ ಆಯೋಗವು ಶಾಲೆಗೆ ಬಂದು ವಿಚಾರಣೆ ನಡೆಸಿತು. ಆಟದ ನಿಧಿಯ ಬಳಕೆ, ವಿದ್ಯಾರ್ಥಿಗಳ ಮೇಲಿನ ದೈಹಿಕ ಶಿಕ್ಷೆ, ವಾರ್ನರ್ ಅವರ ಒರಟುತನ ಇವೆಲ್ಲ ಸಾಕ್ಷ್ಯಗಳಲ್ಲಿ ಹೊರಬಂದವು. ಶಾಲೆಯ ಮುಖ್ಯಾಧಿಕಾರಿ ಮೋಸೆಸ್ ಫ್ರೀಡ್ಮನ್ ಹುದ್ದೆ ಕಳೆದುಕೊಂಡರು. ವಾರ್ನರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯೂ ಕೀರ್ತಿ ಗಳಿಸಿದರು.

ಭಾಷೆಯ ದೃಷ್ಟಿಯಿಂದ ಈ ಮನವಿ ಮಹತ್ವದ್ದು. ಸೆನೆಕಾ, ಶಯೆನ್, ಹೋಪಿ, ಲಕೋಟ ನುಡಿಗಳು ಒಂದೇ ಭಾಷಾಕುಟುಂಬಕ್ಕೂ ಸೇರಿದವಲ್ಲ. ಆ ನುಡಿಗಳವರೆಲ್ಲ ಪರಸ್ಪರ ಮಾತನಾಡಲು, ಒಟ್ಟಾಗಿ ದೂರಲು ಬಳಸಬೇಕಾದುದು ಹೇರಿದ ಇಂಗ್ಲಿಷನ್ನೇ. ಕಾರ್ಲೈಲಿನಲ್ಲಿ ಶಿಕ್ಷಕಿಯಾಗಿದ್ದ ಡಕೋಟ ಲೇಖಕಿ ಝಿಟ್ಕಾಲಾ ಶಾ ವಸತಿಶಾಲೆಯ ಬಾಲ್ಯದ ನೋವನ್ನು 1900ರಲ್ಲಿ ಪ್ರಕಟಿಸಿದುದೂ ಇಂಗ್ಲಿಷಿನಲ್ಲಿಯೇ. ಆದರೆ ಬರೆಯಲು ಆಯ್ದುಕೊಂಡುದು 'ಕೆಂಪು ಹಕ್ಕಿ' ಎಂಬರ್ಥದ ಲಕೋಟ ಹೆಸರನ್ನು. ಕಲಿಸಿದವರ ಭಾಷೆಯು ಕಲಿತವರ ಕೈಯಲ್ಲಿ ಕಲಿಸಿದವರನ್ನೇ ಪ್ರಶ್ನಿಸುವ ಸಾಧನವಾಯಿತು. ಆಟದ ವಿಷಯದಲ್ಲಿಯೂ ನಡೆದುದು ಇದೇ ಅಲ್ಲವೇ?

9. ಅವಸಾನ ಮತ್ತು ಅನಂತರ

ವಿಚಾರಣೆಯ ಬಳಿಕ ತಂಡ ಚೇತರಿಸಿಕೊಳ್ಳಲಿಲ್ಲ. 1917ರ ಋತುವೇ ಕೊನೆಯದು. 1918ರಲ್ಲಿ ಶಾಲೆಯನ್ನು ಮುಚ್ಚಿ ಕಟ್ಟಡಗಳನ್ನು ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಸೈನ್ಯಕ್ಕೆ ಒಪ್ಪಿಸಲಾಯಿತು. ಇಪ್ಪತ್ತೈದು ಋತುಗಳಲ್ಲಿ ತಂಡವು 167 ಪಂದ್ಯಗಳನ್ನು ಗೆದ್ದು, 88ರಲ್ಲಿ ಸೋತು, 13ರಲ್ಲಿ ಸಮಮಾಡಿಕೊಂಡಿತ್ತು.

ಆಟಗಾರರಲ್ಲಿ ಎಕ್ಸೆಂಡೈನ್, ವೆಲ್ಚ್ ಕಾನೂನು ಓದಿದರು. ಇತರ ಕಾಲೇಜುಗಳಿಗೆ ತರಬೇತುದಾರರಾದರು. 1920ರಲ್ಲಿ ವೃತ್ತಿಪರ ಫುಟ್‌ಬಾಲಿನ ಒಕ್ಕೂಟ ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಥೋರ್ಪ್.

ಶಾಲೆ ಮುಚ್ಚಿದ ಮರುತಿಂಗಳು, 1918ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಯುದ್ಧಭೂಮಿಯಲ್ಲಿ ಅಮೆರಿಕದ ಸೈನ್ಯವು ಚಾಕ್ಟಾ ಬುಡಕಟ್ಟಿನ ಸೈನಿಕರನ್ನು ದೂರವಾಣಿಗಳ ಬಳಿ ಕೂರಿಸಿ ಅವರ ನುಡಿಯಲ್ಲಿಯೇ ಸಂದೇಶ ಕಳುಹಿಸಿತು. ಜರ್ಮನರಿಗೆ ಅದು ಅರ್ಥವಾಗಲಿಲ್ಲ. ಶಾಲೆಗಳಲ್ಲಿ ಶಿಕ್ಷೆಗೆ ಕಾರಣವಾಗುತ್ತಿದ್ದ ನುಡಿಗಳಲ್ಲೊಂದು ಅದೇ ಸರ್ಕಾರಕ್ಕೆ ರಣಭೂಮಿಯಲ್ಲಿ ಬೇಕಾಯಿತು. ಮೂಲನಿವಾಸಿ ಭಾಷೆಗಳನ್ನು ಉಳಿಸಿ ಬೆಳೆಸುವುದು ದೇಶದ ನೀತಿಯೆಂದು ಕಾನೂನು ಸಾರಿದುದು 1990ರಲ್ಲಿ.

ಕಾರ್ಲೈಲಿನ ಆವರಣದಲ್ಲಿ ಮನೆಗೆ ಮರಳದ ಮಕ್ಕಳ ಸಮಾಧಿಗಳಿವೆ. ಆಟದ ಗೆಲುವುಗಳನ್ನು ಎಣಿಸುವವರು ಅವುಗಳನ್ನೂ ಎಣಿಸಬೇಕು. ಅಲ್ಲಿ ಹೂಳಲಾದವರ ಸಂಖ್ಯೆ ಸುಮಾರು 180. 2017ರಿಂದ ಸೈನ್ಯವು ಅವಶೇಷಗಳನ್ನು ಆಯಾ ಬುಡಕಟ್ಟುಗಳಿಗೆ ಒಪ್ಪಿಸುತ್ತ ಬಂದಿದೆ. 2024ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜೋ ಬೈಡನ್ ವಸತಿಶಾಲೆಗಳ ನೀತಿಗಾಗಿ ದೇಶದ ಪರವಾಗಿ ಕ್ಷಮೆ ಕೇಳಿದರು. ಡಿಸೆಂಬರಿನಲ್ಲಿ ಕಾರ್ಲೈಲನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಉಪಸಂಹಾರ

ಪ್ರಾಟರ ಲೆಕ್ಕದಲ್ಲಿ ತಂಡದ ಪ್ರತಿಯೊಂದು ಗೆಲುವೂ ಶಾಲೆಯ ನೀತಿಗೆ ಸಾಕ್ಷಿ: ನುಡಿಯನ್ನೂ ಹೆಸರನ್ನೂ ಕಳಚಿದರೆ ಇವರೂ ಗೆಲ್ಲುತ್ತಾರೆ. ಆದರೆ ಇತಿಹಾಸವನ್ನು ಪರಿಶೀಲಿಸಿದರೆ ಆ ತರ್ಕದ ದೋಷ ಕಾಣುತ್ತದೆ. ನಲವತ್ತು ಹುಡುಗರು ಪ್ರಾಟರ ಮುಂದೆ ನಿಂತು ವಾದಿಸಿ ಗೆದ್ದುದು ಆಟ ಆರಂಭವಾಗುವುದಕ್ಕೂ ಮೊದಲೇ. ಅವರ ವೇಗ, ಧೈರ್ಯ, ಬುದ್ಧಿ ಕಾರ್ಲೈಲ್ ದಯಪಾಲಿಸಿದವಲ್ಲ, ಬರುವಾಗಲೇ ತಂದವು. ಗೆಲ್ಲಲು ತಮ್ಮ ನುಡಿಯನ್ನು ಮರೆಯಬೇಕಾದ ಅಗತ್ಯವಿತ್ತೆಂಬುದಕ್ಕೆ ಈ ಇಪ್ಪತ್ತೈದು ವರ್ಷಗಳ ದಾಖಲೆಯಲ್ಲಿ ಒಂದು ಆಧಾರವೂ ಸಿಗುವುದಿಲ್ಲ. ಗೆಲುವು ಆಟಗಾರರದು, ನಷ್ಟ ಶಾಲೆಯ ನೀತಿಯದು. ಇವೆರಡನ್ನೂ ಒಂದೇ ಕಾರ್ಯಕಾರಣವಾಗಿ ಬೆಸೆದುದೇ ಆ ಪ್ರಚಾರದ ಮೋಸ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಸ್ಥಿತಿಯನ್ನು ಕಾರ್ಲೈಲಿನ ಮಕ್ಕಳ ಸ್ಥಿತಿಗೆ ಹೋಲಿಸುವುದು ಅತಿಶಯೋಕ್ತಿಯಾದೀತು. ಆ ಮಕ್ಕಳ ನೋವಿಗೆ ಅನ್ಯಾಯವೂ ಆದೀತು. ನಮ್ಮ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿದೆ. ಅದು ಸಂವಿಧಾನಕ್ಕೆ ಸೇರಿದುದು 1956ರಲ್ಲಿ, ರಾಜ್ಯಗಳ ಮರುವಿಂಗಡಣೆಯ ವರ್ಷದಲ್ಲಿಯೇ. ಕಾರ್ಲೈಲಿನ ಮಕ್ಕಳಿಗೆ ಅಂತಹ ಒಂದು ಸಾಲಿನ ಆಸರೆಯೂ ಇರಲಿಲ್ಲ. ಆದರೆ ಕನ್ನಡ ಬಿಟ್ಟರೆ ಮುಂದೆ ಬರಬಹುದೆಂಬ ಮಾತು ನಮ್ಮ ಕಿವಿಗೂ ಆಗಾಗ ಬೀಳುತ್ತದೆ. ಹಾಗೆ ಬಿಟ್ಟು ಮುಂದೆ ಬಂದವರನ್ನು ಉದಾಹರಣೆಯಾಗಿ ತೋರಿಸುವುದೂ ಉಂಟು. ಆಗ ಕೇಳಬೇಕಾದ ಪ್ರಶ್ನೆಯನ್ನು ಕಾರ್ಲೈಲಿನ ತಂಡವು ನಮಗೆ ಕಲಿಸಿಕೊಟ್ಟಿದೆ: ಅವರು ಗೆದ್ದುದು ನುಡಿಯನ್ನು ಬಿಟ್ಟುದರಿಂದಲೋ, ಬಿಡಬೇಕಾಗಿ ಬಂದರೂ ತಮ್ಮಲ್ಲಿದ್ದ ಶಕ್ತಿಯಿಂದಲೋ?